ಹಂಚಿಕೆಯ ಗಣನೆ ಮತ್ತು ಮಳೆಯ ಮುನ್ಸೂಚನೆ

ಹನಿಗೂಡಿದರೆ ಹಳ್ಳವೆಂಬ ಗಾದೆ ಕೊಡಗಿನವರಿಗೆ ಅನುಭವವೇದ್ಯವಾದ ಸತ್ಯ. ಗಣಿತಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಒಂದು ಗಣಕಯಂತ್ರವು ವರ್ಷಗಟ್ಟಲೆ ದುಡಿದರೂ ಮುಗಿಯದ ಲೆಕ್ಕವನ್ನು ಸಾವಿರಾರು ಯಂತ್ರಗಳಿಗೆ ಹಂಚಿ, ಬಂದ ಫಲಗಳನ್ನು ಒಂದುಗೂಡಿಸುವ ಕ್ರಮಕ್ಕೆ ಹಂಚಿಕೆಯ ಗಣನೆಯೆಂದು ಹೆಸರು. ದೂರದೂರದ ಊರುಗಳ ಯಂತ್ರಗಳನ್ನು ಜಾಲದಿಂದ ಬೆಸೆದು ಒಂದೇ ಯಂತ್ರವೆಂಬಂತೆ ದುಡಿಸುವ ವ್ಯವಸ್ಥೆಯನ್ನು ಗ್ರಿಡ್ ಎನ್ನುತ್ತಾರೆ. ಈ ಹೆಸರು ವಿದ್ಯುಜ್ಜಾಲದಿಂದ ಬಂದುದು. ಮಡಿಕೇರಿಯ ಮನೆಯಲ್ಲಿ ದೀಪ ಹೊತ್ತಿಸುವವನು ವಿದ್ಯುತ್ತು ಶರಾವತಿಯದೋ ರಾಯಚೂರಿನದೋ ಎಂದು ವಿಚಾರಿಸುವುದಿಲ್ಲ. ಹಾಗೆಯೇ ಗ್ರಿಡ್ಡಿಗೆ ಲೆಕ್ಕವನ್ನು ಒಪ್ಪಿಸಿದ ವಿಜ್ಞಾನಿಯೂ ಅದು ಯಾವ ಊರಿನ ಯಂತ್ರದಲ್ಲಿ ನಡೆಯಿತೆಂದು ತಿಳಿಯಬೇಕಾಗಿಲ್ಲ.

ಆದರೆ ಎಲ್ಲ ಲೆಕ್ಕಗಳೂ ಒಂದೇ ರೀತಿಯಲ್ಲಿ ಹಂಚಿಕೆಗೆ ಒಗ್ಗುವುದಿಲ್ಲ. ಇದೇ ಇಲ್ಲಿ ಮುಖ್ಯವಾಗಿ ಗ್ರಹಿಸತಕ್ಕ ವಿಷಯ. ಕಾಫಿಯ ಹಣ್ಣು ಬಿಡಿಸುವಾಗ ಒಬ್ಬೊಬ್ಬರು ಒಂದೊಂದು ಗಿಡವನ್ನು ಹಿಡಿದು, ಪಕ್ಕದವರನ್ನು ಕೇಳದೆಯೇ ಕೆಲಸ ಮುಗಿಸಬಹುದು. ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುವ ಗದ್ದೆಗಳಿಗೆ ನೀರು ಹಾಯಿಸುವುದು ಹಾಗಲ್ಲ. ಮೇಲಿನ ಗದ್ದೆಯ ನೀರು ಇಳಿದ ಹೊರತು ಕೆಳಗಿನದಕ್ಕೆ ಬಾರದು. ಮೊದಲ ಬಗೆಯ ಲೆಕ್ಕಗಳನ್ನು ಭೂಮಂಡಲದ ಯಾವ ಮೂಲೆಗಾದರೂ ಹಂಚಬಹುದು. ಎರಡನೆಯ ಬಗೆಯವುಗಳಲ್ಲಿ ಯಂತ್ರಗಳು ಕ್ಷಣಕ್ಷಣವೂ ಪರಸ್ಪರ ಮಾತನಾಡುತ್ತಿರಬೇಕಾದುದರಿಂದ ಅವು ಒಂದೇ ಸೂರಿನಡಿ ಇರುವುದು ಅಗತ್ಯ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಕಣಗಳ ಡಿಕ್ಕಿಗಳನ್ನು ಪರಿಶೀಲಿಸುವ ಕಾರ್ಯ ಮೊದಲ ವರ್ಗಕ್ಕೆ ಸೇರಿದುದು. ಒಂದು ಡಿಕ್ಕಿಯ ಲೆಕ್ಕ ಮತ್ತೊಂದನ್ನು ಅವಲಂಬಿಸದು. ಆದಕಾರಣ ಆ ಕಾರ್ಯವು ನಲವತ್ತಕ್ಕೂ ಮಿಕ್ಕ ದೇಶಗಳಿಗೆ ಹಂಚಿಹೋಗಿದೆ. ನಮ್ಮ ಮುಂಬಯಿ, ಕಲ್ಕತ್ತೆಗಳೂ ಅದರಲ್ಲಿ ಪಾಲುಗೊಂಡಿವೆ. ಭಾರತದಲ್ಲಿಯೇ 'ಗರುಡ'ವೆಂಬ ರಾಷ್ಟ್ರೀಯ ಗ್ರಿಡ್ಡನ್ನು ಈ ಶತಮಾನದ ಮೊದಲ ದಶಕದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಕಟ್ಟಿ, 17 ನಗರಗಳ 45 ಸಂಸ್ಥೆಗಳನ್ನು ಬೆಸೆಯಿತು. ಅದರ ಕಾರ್ಯಕ್ಕೆ ಬೆಂಗಳೂರು ಕೇಂದ್ರವಾಗಿತ್ತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಮಳೆಯ ಮುನ್ಸೂಚನೆಯಾದರೋ ಗದ್ದೆಯ ನೀರಿನಂತಹುದು. ಆಕಾಶವನ್ನು ಚೌಕಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದ ಒತ್ತಡ, ಉಷ್ಣತೆ, ತೇವ, ಗಾಳಿಗಳನ್ನು ಲೆಕ್ಕಹಾಕಬೇಕು. ಪ್ರತಿ ಹೆಜ್ಜೆಯಲ್ಲಿಯೂ ನೆರೆಯ ಚೌಕದ ಫಲವನ್ನು ಪಡೆಯಬೇಕು. ಇಂಗ್ಲೆಂಡಿನ ಲೂಯಿ ರಿಚರ್ಡ್‌ಸನ್ ಈ ಮಾರ್ಗವನ್ನು 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಆಗ ಗಣಕಯಂತ್ರಗಳಿಲ್ಲ. ಆರು ಗಂಟೆಗಳ ಹವೆಯನ್ನು ಕೈಲೆಕ್ಕದಿಂದ ಸಾಧಿಸಲು ಆತನಿಗೆ ವಾರಗಟ್ಟಲೆ ಹಿಡಿಯಿತು, ಫಲವೂ ತಪ್ಪಾಯಿತು. ಆದರೂ ಎದೆಗುಂದದೆ, 64,000 ಮಂದಿ ಲೆಕ್ಕಿಗರು ಒಂದೇ ಮಹಾಮಂದಿರದಲ್ಲಿ ಕುಳಿತು ಭೂಮಂಡಲದ ಹವೆಯನ್ನು ಗಣಿಸುವ ಚಿತ್ರವನ್ನು ಆತನು ಕಲ್ಪಿಸಿದನು. ಇಂದಿನ ಮಹಾಗಣಕವು ಆ ಕಲ್ಪನೆಯ ಸಾಕಾರರೂಪವೇ ಸರಿ.

ಚೌಕವು ಎಷ್ಟು ಕಿರಿದಾದರೆ ಕೊಡಗಿಗೆ ಅಷ್ಟು ಹಿತ. ಮಡಿಕೇರಿಯಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ ಸುಮಾರು 30 ಕಿ.ಮೀ.; ಅಷ್ಟರಲ್ಲಿಯೇ ಮಳೆಯ ಪ್ರಮಾಣ ಅರ್ಧಕ್ಕೂ ಕೆಳಗಿಳಿಯುತ್ತದೆ. 12 ಕಿ.ಮೀ. ಅಗಲದ ಚೌಕಗಳಾದರೆ ಈ ಅಂತರದಲ್ಲಿ ಎರಡೋ ಮೂರೋ ಮಾತ್ರ ಹಿಡಿಯುವುವು. ಬೆಟ್ಟಕಣಿವೆಗಳ ಭೇದವೆಲ್ಲ ಅವುಗಳೊಳಗೆ ಅಳಿಸಿಹೋಗುವುದು. ಅಗಲವನ್ನು ಅರ್ಧಮಾಡಿದರೆ ಚೌಕಗಳು ನಾಲ್ಮಡಿಯಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕಾದುದರಿಂದ ಲೆಕ್ಕವು ಎಂಟುಮಡಿಯಾಗುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2024ರಲ್ಲಿ ಉದ್ಘಾಟನೆಗೊಂಡ 'ಅರ್ಕ' ಮಹಾಗಣಕದ ಸಾಮರ್ಥ್ಯ 11.77 ಪೆಟಾಫ್ಲಾಪ್. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಹತ್ತರ ಹದಿನೈದನೆಯ ಘಾತಕ್ಕೆ 'ಅಂತ್ಯ'ವೆಂದು ಹೆಸರು. ಅಂತಹ ಹನ್ನೊಂದು ಅಂತ್ಯಗಳಿಗೂ ಮಿಗಿಲಾದ ಗಣಿತಕ್ರಿಯೆಗಳನ್ನು ಆ ಯಂತ್ರವು ಒಂದು ಸೆಕೆಂಡಿನಲ್ಲಿ ಮಾಡಬಲ್ಲದು. 2025ರ ಮೇ ತಿಂಗಳಲ್ಲಿ ಆರಂಭವಾದ 'ಭಾರತ್' ಮುನ್ಸೂಚನಾ ವ್ಯವಸ್ಥೆಯ ಚೌಕ 6 ಕಿ.ಮೀ.ಗೆ ಇಳಿದುದು ಇಂತಹ ಬಲದಿಂದ.

ಹಾಗಾದರೆ ಹವೆಯ ಲೆಕ್ಕದಲ್ಲಿ ದೂರದ ಯಂತ್ರಗಳಿಗೆ ಪಾತ್ರವೇ ಇಲ್ಲವೇ? ಉಂಟು. ಆರಂಭದ ಅಳತೆಯಲ್ಲಿ ಅತ್ಯಲ್ಪ ಭೇದವಿದ್ದರೂ ಮುನ್ಸೂಚನೆ ಬೇರೆಯಾಗುವುದರಿಂದ, ಅಳತೆಯನ್ನು ಕಿಂಚಿತ್ ಬದಲಿಸಿ ಅದೇ ಲೆಕ್ಕವನ್ನು ಅನೇಕ ಬಾರಿ ಮಾಡುತ್ತಾರೆ. ಐವತ್ತರಲ್ಲಿ ನಲವತ್ತು ಬಾರಿ ಭಾರಿ ಮಳೆಯೆಂದು ಬಂದರೆ ನಂಬಿಕೆ ಹೆಚ್ಚುತ್ತದೆ. ಈ ಐವತ್ತೂ ಸ್ವತಂತ್ರವಾದ ಕಾಫಿಗಿಡಗಳು. 2003ರಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರು ಹವಾಗುಣದ ಇಂತಹ ಲೆಕ್ಕಗಳನ್ನು ಲೋಕದ ಸಾಮಾನ್ಯ ಜನರ ಮನೆಯ ಗಣಕಗಳಿಗೇ ಹಂಚತೊಡಗಿದರು. ಯಂತ್ರವು ಬಿಡುವಾಗಿದ್ದ ವೇಳೆಯನ್ನು ಜನರು ದಾನವಾಗಿ ಕೊಟ್ಟರು. ದೂರದ ಯಂತ್ರ ಕೆಡಬಹುದು, ಫಲ ತಪ್ಪಬಹುದು. ಆದುದರಿಂದ ಇಂತಹ ಹಂಚಿಕೆಯಲ್ಲಿ ಒಂದೇ ತುಣುಕನ್ನು ಇಬ್ಬರಿಗೆ ಕೊಟ್ಟು ಉತ್ತರಗಳನ್ನು ತಾಳೆನೋಡುವ ಪದ್ಧತಿಯೂ ಉಂಟು.

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರುಗಳಲ್ಲಿಯೂ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಗುಡ್ಡ ಕುಸಿದು ಜೀವಗಳು ಹೋದುದನ್ನು ನಾಡು ಮರೆತಿಲ್ಲ. ಯಾವ ಇಳಿಜಾರು ಯಾವ ಗಳಿಗೆಯಲ್ಲಿ ಜಾರುವುದೆಂದು ಮಳೆಯ ಲೆಕ್ಕವೊಂದೇ ಹೇಳಲಾರದು. ಮಣ್ಣು, ಇಳಿಜಾರು, ಕಡಿದ ರಸ್ತೆ ಇವೆಲ್ಲವೂ ಅದರಲ್ಲಿ ಸೇರಿವೆ. ಗಣನೆಯು ಕೊಡುವುದು ಒಂದೆರಡು ದಿನಗಳ ಅವಕಾಶವನ್ನು ಮಾತ್ರ. ಗ್ರಾಮಪಂಚಾಯಿತಿಗಳಲ್ಲಿ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರವು ನಿಲ್ಲಿಸಿರುವ ಮಳೆಮಾಪಕಗಳು ಸರಿಯಾದ ಅಳತೆಯನ್ನು ಕಳುಹಿಸಿದರೆ, ಬಂದ ಎಚ್ಚರಿಕೆಯನ್ನು ಊರಿನವರು ಕಿವಿಗೊಟ್ಟು ಕೇಳಿದರೆ, ಆ ಅವಕಾಶ ಸಾರ್ಥಕವಾಗುವುದು. ಹಂಚಿ ಮಾಡಿದ ಲೆಕ್ಕದ ಕೊನೆಯ ಪಾಲು ಯಂತ್ರದ್ದಲ್ಲ, ಮನುಷ್ಯರದು.