ಮಗ್ಗದ ಸದ್ದು ಮತ್ತು ನಮ್ಮ ಕಿವಿ

ಇಳಂಪಿಳ್ಳೈ, ಜಲಕಂಠಪುರಂ, ತಾರಮಂಗಲಂ ಕಡೆ ಬೀದಿಗೆ ಕಾಲಿಟ್ಟರೆ ಸಾಕು, ಪವರ್ ಲೂಮ್ ಸದ್ದು ಕೇಳುತ್ತದೆ. ಶೆಡ್ಡಿನ ಒಳಗೆ ಕೈಸನ್ನೆಯೇ ಮಾತು. "ಮೊದಮೊದಲು ಕಷ್ಟ, ಆಮೇಲೆ ಕಿವಿ ಒಗ್ಗಿಹೋಗುತ್ತೆ" ಅಂತಾರೆ ನೇಕಾರರು. ಕಿವಿ ಒಗ್ಗುವುದಿಲ್ಲ. ಮಂದವಾಗುತ್ತದೆ.

ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಪುಟ್ಟ ಅಂಗ ಇದೆ. ಅದರಲ್ಲಿ ಸುಮಾರು 15,000 ಜೀವಕಣಗಳಿವೆ. ಅವುಗಳ ತಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಸದ್ದು ಬಂದಾಗ ಕೂದಲು ಬಾಗಿ, ಮಿದುಳಿಗೆ ಸುದ್ದಿ ಹೋಗುತ್ತದೆ. ರಾಗಿ ಪೈರನ್ನು ಒಮ್ಮೆ ತುಳಿದರೆ ಮತ್ತೆ ಏಳುತ್ತದೆ. ದಿನಾ ತುಳಿದರೆ ಏಳುವುದಿಲ್ಲ. ಇದೂ ಹಾಗೆಯೇ. ಆದರೆ ರಾಗಿಯನ್ನು ಮತ್ತೆ ಬಿತ್ತಬಹುದು. ಈ ಕಣಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಔಷಧಿಯೂ ಇಲ್ಲ.

ಮೊದಲು ಹೋಗುವುದು ಸಣ್ಣ, ಚೂಪಾದ ಸದ್ದು. ನೀವು ಕಲಿತ ಅಕ್ಷರಗಳನ್ನೇ ನೋಡಿ. ಆ, ಓ ಚೆನ್ನಾಗಿ ಕೇಳುತ್ತವೆ. ಸ, ಶ, ತ ಕೇಳುವುದಿಲ್ಲ. ಊಟಕ್ಕೆ ಕೂತವರು 'ಸಾಕು' ಅಂದರೋ 'ಹಾಕು' ಅಂದರೋ ತಿಳಿಯದು. ಮೊಮ್ಮಗಳ ದನಿ ಕೇಳುತ್ತೆ, ಮಾತು ಅರ್ಥ ಆಗೋದಿಲ್ಲ. ಮನೆಯವರು "ಬೇಕಂತಲೇ ಕೇಳಿಸಿಕೊಳ್ಳಲ್ಲ" ಅಂತ ಬೈತಾರೆ. ಪಾಪ, ಅವರ ತಪ್ಪಲ್ಲ.

ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮ ಮಾತು ಸುಮಾರು 60. ದಿನಕ್ಕೆ 8 ಗಂಟೆ ಕೆಲಸಕ್ಕೆ 85 ಮಿತಿ ಅಂತ ತಜ್ಞರು ಹೇಳುತ್ತಾರೆ. ಅದರ ಮೇಲೆ ಪ್ರತಿ 3 ಡೆಸಿಬಲ್ಲಿಗೆ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಪವರ್ ಲೂಮ್ ಶೆಡ್ಡಿನ ಸದ್ದು ಸಾಮಾನ್ಯವಾಗಿ 90ರ ಮೇಲೇ. ಎಷ್ಟೋ ಕಡೆ ನಮ್ಮವರ ಪಾಳಿ 12 ಗಂಟೆ!

ಅಳೆಯುವ ಮಿಷನ್ ಬೇಡ. ಒಂದು ಕೈ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾದರೆ, ಆ ಸದ್ದು ಅಪಾಯ. ಪಾಳಿ ಮುಗಿದ ಮೇಲೆ ಕಿವಿ ಗುಂಯ್ ಅಂದರೂ ಅಪಾಯ.

ಕೆಲವರು ನೂಲಿನ ವೇಸ್ಟ್, ಹತ್ತಿ ಕಿವಿಗೆ ತುರುಕುತ್ತಾರೆ. ಅದರಿಂದ ಹೆಚ್ಚು ಉಪಯೋಗ ಇಲ್ಲ. ಫೋಮಿನ ಇಯರ್ ಪ್ಲಗ್ ಒಳ್ಳೇದು. ಕೈ ತೊಳೆದು, ಪ್ಲಗ್ಗನ್ನು ಬೆರಳಲ್ಲಿ ಬತ್ತಿ ಥರ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಪ್ಲಗ್ ಒಳಗಿಟ್ಟು, ಅದು ಉಬ್ಬುವ ತನಕ ಬೆರಳಲ್ಲಿ ಹಿಡಿದಿರಿ. ಕಿವಿ ಸೋರುತ್ತಿದ್ದರೆ ಪ್ಲಗ್ ಬೇಡ, ಹೊರಗಿಂದ ಮುಚ್ಚುವ ಇಯರ್ ಮಫ್ ಹಾಕಿ. ಮಾಲೀಕರನ್ನು ಕೇಳಿ ಪಡೆಯಿರಿ. ಇದು ಬೇಡುವುದಲ್ಲ. ಮಗ್ಗಕ್ಕೆ ಎಣ್ಣೆ ಹಾಕಿ ಬೋಲ್ಟ್ ಬಿಗಿಮಾಡಿದರೂ ಸದ್ದು ಸ್ವಲ್ಪ ಇಳಿಯುತ್ತದೆ. ಮಗುವಿನ ತೊಟ್ಟಿಲನ್ನು ಶೆಡ್ಡಿನಲ್ಲಿ ಕಟ್ಟಲೇಬೇಡಿ.

ಧರ್ಮಪುರಿ ಕಡೆ ಕಲ್ಲು ಕ್ವಾರಿಯಲ್ಲಿ ಡ್ರಿಲ್ ಹಿಡಿಯುವವರಿಗೂ ಇದೇ ಮಾತು.

ಇನ್ನು ಹಬ್ಬ. ಆಡಿ ತಿಂಗಳ ಮಾರಿಯಮ್ಮನ ಹಬ್ಬದಲ್ಲಿ ಹುಡುಗರು ದೊಡ್ಡ ಸ್ಪೀಕರ್ ಮುಂದೆಯೇ ಕುಣಿಯುತ್ತಾರೆ. ನಾಲ್ಕು ಮಾರು ಹಿಂದೆ ನಿಂತು ಕುಣಿದರೆ ಅಮ್ಮ ಬೇಡ ಅನ್ನುತ್ತಾಳೆಯೇ? ಪಟಾಕಿ ಕಿವಿಯ ಹತ್ತಿರ ಸಿಡಿದರೆ ಒಂದೇ ಏಟಿಗೆ ಕಿವಿ ಹೋಗಬಹುದು.

ಅನುಮಾನ ಇದ್ದರೆ ಸೇಲಂ ಅಥವಾ ಧರ್ಮಪುರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ, ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಕೇಳುವ ಪರೀಕ್ಷೆಯಲ್ಲಿ ನೋವಿಲ್ಲ. ಸದ್ದು ಕೇಳಿದಾಗ ಬಟನ್ ಒತ್ತಬೇಕು ಅಥವಾ ಕೈ ಎತ್ತಬೇಕು, ಅಷ್ಟೇ. ಪರೀಕ್ಷೆಯ ಹಿಂದಿನ ರಾತ್ರಿ ಪಾಳಿಗೆ ಹೋಗಬೇಡಿ. ದಣಿದ ಕಿವಿ ಸರಿಯಾದ ಲೆಕ್ಕ ಕೊಡುವುದಿಲ್ಲ.