ನಿಮಗಿದು ಗೊತ್ತೆ? ಪಶ್ಮಿನಾ ಕುರಿಯದಲ್ಲ, ಮೇಕೆಯದು
ಪಶ್ಮಿನಾ ಶಾಲಿನ ಹೆಸರೇನೋ ಕಾಶ್ಮೀರದ್ದು. ಆದರೆ ಅದರ ಹೆಸರಾಂತ ಉಣ್ಣೆ ಬರುವುದು ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಿಂದ. ಅದೂ ಕುರಿಯಿಂದಲ್ಲ, ಮೇಕೆಯಿಂದ! 4,000 ಮೀಟರ್‌ಗೂ ಎತ್ತರದ ಅಲ್ಲಿನ ಕೊರೆಯುವ ಚಳಿ ತಡೆಯಲು ಚಾಂಗ್‌ಥಾಂಗಿ ಮೇಕೆಗಳ ಒರಟು ಕೂದಲಿನಡಿ ನವಿರಾದ ತುಪ್ಪಳ ಬೆಳೆಯುತ್ತದೆ. ಒಂದೊಂದು ಎಳೆಯ ದಪ್ಪ 12ರಿಂದ 15 ಮೈಕ್ರಾನ್ ಅಷ್ಟೇ. ನಮ್ಮ ತಲೆಗೂದಲು ಸುಮಾರು ಅದರ ನಾಲ್ಕೈದು ಪಟ್ಟು. ಚಳಿಗಾಲ ಕಳೆದು ತುಪ್ಪಳ ತಾನಾಗಿ ಸಡಿಲವಾದಾಗ ಚಾಂಗ್ಪಾ ಅಲೆಮಾರಿಗಳು ಅದನ್ನು ಬಾಚಿ ತೆಗೆಯುತ್ತಾರೆ. ಕೈಯಲ್ಲಿ ನೂತು ಮಗ್ಗದಲ್ಲಿ ನೇಯುವುದು ಕಾಶ್ಮೀರದ ಕುಶಲಕರ್ಮಿಗಳು. 2008ರಲ್ಲಿ ‘ಕಾಶ್ಮೀರ ಪಶ್ಮಿನಾ’ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆಯಿತು. ಉಂಗುರದೊಳಗೆ ಶಾಲು ತೂರಿಸಿ ‘ಅಸಲಿ’ ಎನ್ನುವ ವ್ಯಾಪಾರಿಯನ್ನು ನಂಬಿ ದುಡ್ಡು ಬಿಚ್ಚಬೇಡಿ. ತೆಳು ರೇಷ್ಮೆಯೂ ಉಂಗುರದಲ್ಲಿ ಸಲೀಸಾಗಿ ನುಸುಳುತ್ತದೆ!