ಸಾಲದ ಸೋಫಾ ಬೇಕಿಲ್ಲ, ಪಡಸಾಲೆಗೆ ಕಳೆ ಬೇಕು!

ಹುಬ್ಬಳ್ಳಿ: ಸಂಜೆ ಏಳರ ಹೊತ್ತಿಗೆ ದುರ್ಗದಬೈಲಿನ ಕಡೆ ಒಂದು ಸುತ್ತು ಹಾಕಿದರೆ ಸಾಕು, ಹತ್ತಡಿ ಅಗಲದ ಸೀರೆ ಅಂಗಡಿಯೂ ಅರಮನೆಯ ಹಾಗೆ ಕಾಣುತ್ತದೆ. ಅದೇ ಅಂಗಡಿಯ ಮಾಲೀಕರ ಮನೆಗೆ ಹೋದರೆ ಹತ್ತಡಿಯ ಪಡಸಾಲೆ ಉಗ್ರಾಣದಂತೆ ಕಾಣುತ್ತದೆ! ಅಂಗಡಿಯಲ್ಲಿ ಗೊತ್ತಿರುವ ವಿದ್ಯೆ ಮನೆ ಹೊಸ್ತಿಲು ದಾಟುವಾಗ ಎಲ್ಲಿ ಮರೆತುಹೋಗುತ್ತದೆ?

ಅಂಗಡಿಯವರ ಗುಟ್ಟು ದೊಡ್ಡದೇನಲ್ಲ. ಕೆಳಗೆ ಬಿಳಿ ಗಾದಿ, ಮೇಲೆ ಹಳದಿ ದೀಪ, ಒಂದು ಬದಿಗೆ ಉದ್ದನೆಯ ಕನ್ನಡಿ, ನಡುವೆ ಖಾಲಿ ಜಾಗ. ಆ ಖಾಲಿ ಜಾಗದ ಮೇಲೆ ಒಂದೇ ಸೀರೆ ಬಿಚ್ಚಿ ಹಾಸುತ್ತಾರೆ. ನೂರು ಸೀರೆ ಒಟ್ಟಿಗೆ ಗುಡ್ಡೆ ಹಾಕಿದರೆ ರೇಷ್ಮೆಯೂ ಚಿಂದಿಯಂತೆ ಕಾಣುತ್ತದೆ ಎಂಬುದು ಅವರಿಗೆ ಗೊತ್ತು. ಸರಾಫರೂ ಅಷ್ಟೇ. ಕಪ್ಪು ಮಖಮಲ್ಲಿನ ಮೇಲೆ ಒಂದೇ ಸರ ಇಟ್ಟು, ಅದರ ಮೇಲೊಂದು ದೀಪ ಬಿಡುತ್ತಾರೆ. ಸಿರಿತನ ಕಾಣುವುದು ಸಾಮಾನಿನಿಂದಲ್ಲ, ಸಾಮಾನಿನ ಸುತ್ತಲಿನ ಜಾಗದಿಂದ ಮತ್ತು ಅದರ ಮೇಲೆ ಬೀಳುವ ಬೆಳಕಿನಿಂದ.

ಮನೆಯಲ್ಲಿ ಆಗುವುದೇನು? ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂಬ ಸುದ್ದಿ ಬಂದ ಕೂಡಲೇ ಮನೆಯವರಿಗೆ ಎದೆ ಢವಢವ. "ಮನ್ಯಾಗ ಒಂದು ಸೋಫಾ ಇಲ್ಲಂದ್ರ ಏನ್ ತಿಳ್ಕೋತಾರ?" ಎಂಬ ಮಾತು ಏಳುತ್ತದೆ. ಮರುದಿನ ಅಪ್ಪ ಫರ್ನಿಚರ್ ಅಂಗಡಿಯಲ್ಲಿ ಕಂತಿನ ಕಾಗದಕ್ಕೆ ಸಹಿ ಹಾಕಿರುತ್ತಾನೆ. ಬಂದವರು ಅರ್ಧ ತಾಸು ಕೂತು, ಉಪ್ಪಿಟ್ಟು ಚಹಾ ಮುಗಿಸಿ, "ತಿಳಸ್ತೀವ್ರಿ" ಎಂದು ಹೋಗುತ್ತಾರೆ. ಕಂತು ಮಾತ್ರ ಎರಡು ವರ್ಷ ಕೂತಿರುತ್ತದೆ.

ಸೋಫಾದ ಎರಡು ಲೆಕ್ಕ

ಮೊದಲನೆಯದು ಜಾಗದ ಲೆಕ್ಕ. ಪಡಸಾಲೆ 10 ಅಡಿಗೆ 12 ಅಡಿ, ಅಂದರೆ 120 ಚದರ ಅಡಿ ಎಂದಿಟ್ಟುಕೊಳ್ಳಿ. ಮೂವರು ಕೂರುವ ಸೋಫಾ ಸುಮಾರು 7 ಅಡಿ ಉದ್ದ, 3 ಅಡಿ ಅಗಲ. ಒಬ್ಬೊಬ್ಬರು ಕೂರುವ ಎರಡು ಕುರ್ಚಿ ತಲಾ 3 ಅಡಿಗೆ 3 ಅಡಿ. ನಡುವಿನ ಟೀಪಾಯಿ 3 ಅಡಿಗೆ 2 ಅಡಿ. ಕೂಡಿಸಿದರೆ 45 ಚದರ ಅಡಿ. ಕೋಣೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೋಫಾ ಸೆಟ್ಟಿಗೇ ಹೋಯಿತು. ಇಷ್ಟಾದರೂ ಕೂರುವುದು ಐದೇ ಮಂದಿ. ಬೀಗರಾಗುವವರು ಎಂಟು ಜನ ಬಂದರೆ ಉಳಿದ ಮೂವರಿಗೆ ಪಕ್ಕದ ಮನೆಯ ಪ್ಲಾಸ್ಟಿಕ್ ಕುರ್ಚಿಯೇ ಗತಿ.

ಎರಡನೆಯದು ದುಡ್ಡಿನ ಲೆಕ್ಕ. ಉದಾಹರಣೆಗೆ ಸೋಫಾದ ಬೆಲೆ 30,000 ರೂಪಾಯಿ. ಕಂತಿನವರು "ಶೇಕಡಾ 14 ಅಷ್ಟೇ ಬಡ್ಡಿ, ಎರಡು ವರ್ಷ" ಎನ್ನುತ್ತಾರೆ. ವರ್ಷಕ್ಕೆ 4,200ರಂತೆ ಎರಡು ವರ್ಷಕ್ಕೆ ಬಡ್ಡಿ 8,400. ಒಟ್ಟು 38,400 ರೂಪಾಯಿ, ತಿಂಗಳಿಗೆ 1,600. ಕೇಳಲು ಸಸಾರ. ಆದರೆ ಅಸಲು ತಿಂಗಳು ತಿಂಗಳು ತೀರುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 30,000ದ ಮೇಲೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಶೇಕಡಾ 25ರ ಹತ್ತಿರ ಬರುತ್ತದೆ. ವ್ಯಾಪಾರಸ್ಥರು ಈ ದರಕ್ಕೆ ಸಾಲ ತಂದು ಅಂಗಡಿಗೆ ಮಾಲು ತುಂಬುತ್ತಾರೆಯೇ? ಇಲ್ಲ. ಮನೆಗಾದರೆ ಕಣ್ಣು ಮುಚ್ಚಿ ತರುತ್ತಾರೆ.

"ಶೂನ್ಯ ಬಡ್ಡಿ" ಎಂಬ ಬೋರ್ಡು ನೋಡಿ ಖುಷಿಪಡುವವರಿಗೂ ಒಂದು ಮಾತು. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬೇರೆ ಶುಲ್ಕದ ಹೆಸರಿನಲ್ಲಿ ಬಡ್ಡಿಯನ್ನು ಬಚ್ಚಿಡಬೇಡಿ ಎಂದು ಹೇಳಿತ್ತು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಪೂರಾ ರೊಕ್ಕ ಈಗs ಕೊಟ್ರ ಎಷ್ಟಕ್ಕ ಕೊಡ್ತೀರಿ?" ಆ ಬೆಲೆಗೂ ಕಂತಿನ ಒಟ್ಟು ಮೊತ್ತಕ್ಕೂ ಇರುವ ವ್ಯತ್ಯಾಸವೇ ಬಡ್ಡಿ.

ಮೊದಲು ಹೊರಗೆ ಹಾಕಿ

ಹಾಗಾದರೆ ಪಡಸಾಲೆಗೆ ಕಳೆ ತರುವುದು ಹೇಗೆ? ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ. ಕೋಣೆಯಲ್ಲಿರುವುದನ್ನೆಲ್ಲ ಒಂದು ದಿನ ಹೊರಗಿಡಿ. ಬೇಕಾದದ್ದನ್ನು ಮಾತ್ರ ಒಳಗೆ ತನ್ನಿ.

1980ರ ದಶಕದಲ್ಲಿ ಟಿವಿ ಪಡಸಾಲೆಗೆ ಬಂತು. ಅದರ ಹಿಂದೆ ಗಾಜಿನ ಶೋಕೇಸ್ ಬಂತು. ಶೋಕೇಸಿನೊಳಗೆ ಗೊಂಬೆ, ಪ್ಲಾಸ್ಟಿಕ್ ಹೂವು, ಮಗನ ಕಬಡ್ಡಿ ಕಪ್ಪು, ಯಾರದೋ ಮದುವೆಯಲ್ಲಿ ಕೊಟ್ಟ ಗಡಿಯಾರ ಎಲ್ಲಾ ಸೇರಿದವು. ಮೇಲೆ ಸೂಟ್‌ಕೇಸು, ಕೆಳಗೆ ಹಳೇ ಪೇಪರು. ಇದರಲ್ಲಿ ಮೂರು ಸಾಮಾನು ಆರಿಸಿ, ಉಳಿದವನ್ನು ಪೆಟ್ಟಿಗೆಗೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಆರು ತಿಂಗಳಿಗೊಮ್ಮೆ ಪೆಟ್ಟಿಗೆಯಿಂದ ಬೇರೆ ಮೂರು ತೆಗೆದಿಟ್ಟರೆ ಮನೆ ಹೊಸದಾದಂತೆ ಕಾಣುತ್ತದೆ.

ಹಳೇ ಹುಬ್ಬಳ್ಳಿಯ ಮಣ್ಣಿನ ಗೋಡೆಯ ಮನೆಯಾದರೆ ಗೋಡೆಯಲ್ಲೇ ಮಾಡ ಇರುತ್ತದೆ. ಆ ಮಾಡದೊಳಗೆ ಸಣ್ಣ ದೀಪ ಹಾಕಿ, ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆ ತಿಕ್ಕಿ ಇಟ್ಟು ನೋಡಿ. ಯಾವ ಶೋಕೇಸೂ ಅದರ ಮುಂದೆ ನಿಲ್ಲುವುದಿಲ್ಲ.

ಗೋಡೆಗೆ ಬಣ್ಣ, ಕೋಣೆಗೆ ಬೆಳಕು

ಗೋಡೆ ಒದ್ದೆ ಹಿಡಿದು ಉಬ್ಬಿದ್ದರೆ ಬಣ್ಣ ಬಳಿಯುವುದು ವ್ಯರ್ಥ. ಮಳೆಗಾಲ ಬರುವುದರೊಳಗೆ ನೀರು ಬರುವ ದಾರಿ ಮುಚ್ಚಿ, ಗೋಡೆ ಒಣಗಲು ಬಿಟ್ಟು, ಆಮೇಲೆ ಬಣ್ಣ. ನಾಲ್ಕು ಗೋಡೆಗೆ ನಾಲ್ಕು ಬಣ್ಣ ಬೇಡವೇ ಬೇಡ. ಮೂರು ಗೋಡೆಗೂ ಮಾಳಿಗೆಗೂ ಒಂದೇ ತಿಳಿ ಬಣ್ಣ ಹೊಡೆದರೆ ಮೂಲೆಗಳು ಕಣ್ಣಿಗೆ ಹೊಡೆಯುವುದಿಲ್ಲ, ಕೋಣೆ ದೊಡ್ಡದಾಗಿ ಕಾಣುತ್ತದೆ. ಬಾಗಿಲಿಂದ ಒಳಗೆ ಬಂದವರ ಕಣ್ಣು ಮೊದಲು ಬೀಳುವ ಗೋಡೆಯೊಂದಕ್ಕೆ ಮಾತ್ರ ಗಾಢ ಬಣ್ಣ. ಮಾವಿನ ಎಲೆಯ ಹಸಿರಾಗಲಿ, ಇಟ್ಟಂಗಿಯ ಕೆಂಪಾಗಲಿ, ನಡೆಯುತ್ತದೆ. 10 ಅಡಿ ಅಗಲ, 9 ಅಡಿ ಎತ್ತರದ ಈ ಗೋಡೆ 90 ಚದರ ಅಡಿ ಮಾತ್ರ. ಒರೆಸಬಹುದಾದ ದುಬಾರಿ ಎಮಲ್ಷನ್ ಈ ಒಂದಕ್ಕೆ ಸಾಕು, ಉಳಿದವಕ್ಕೆ ಡಿಸ್ಟೆಂಪರ್ ಆದೀತು. ಪೇಂಟರ್ ಹೇಳಿದಷ್ಟು ಡಬ್ಬಿ ತರುವ ಮುಂಚೆ ಈ ಚದರ ಅಡಿ ಅಳೆದುಕೊಂಡು ಅಂಗಡಿಗೆ ಹೋಗುವುದು ಜಾಣತನ.

ಬೆಳಕಿನಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮಾಳಿಗೆಯ ನಡುವೆ ಒಂದೇ ಬಿಳಿ ಟ್ಯೂಬ್‌ಲೈಟ್. ಅದರ ಕೆಳಗೆ ಅರಮನೆಯೂ ದವಾಖಾನೆಯ ವಾರ್ಡಿನಂತೆ ಕಾಣುತ್ತದೆ. ಟ್ಯೂಬು ಮಕ್ಕಳ ಓದಿಗೆ ಇರಲಿ. ಬಂದವರು ಕೂತಾಗ ಅದನ್ನು ಆರಿಸಿ, ಎರಡು ಮೂರು ಮೂಲೆಗಳಲ್ಲಿ 9 ವ್ಯಾಟಿನ ಹಳದಿ ಬೆಳಕಿನ ಎಲ್‌ಇಡಿ ಬಲ್ಬು ಹಚ್ಚಿ. ಡಬ್ಬಿಯ ಮೇಲೆ 2700 ಅಥವಾ 3000 ಕೆ ಎಂದಿದ್ದರೆ ಹಳದಿ, 6500 ಎಂದಿದ್ದರೆ ಕಣ್ಣು ಕುಕ್ಕುವ ಬಿಳಿ. ಮೂರು ಬಲ್ಬು ದಿನಕ್ಕೆ ಐದು ತಾಸು ಉರಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆದೀತು, ಅಷ್ಟೆ.

ಕನ್ನಡಿಯನ್ನು ಕಿಟಕಿಯ ಎದುರಿಗೆ ಹಾಕಿದರೆ ಹಗಲು ಬೆಳಕು ಎರಡು ಪಾಲು. ಗಾಜಿನ ಅಂಗಡಿಯಲ್ಲಿ 4 ಅಡಿಗೆ 2 ಅಡಿಯ ಸಾದಾ ಕನ್ನಡಿ ಕತ್ತರಿಸಿ ತಂದು, ಬಡಿಗೇರರಿಂದ ಮರದ ಚೌಕಟ್ಟು ಕಟ್ಟಿಸಿದರೆ ಮುಗಿಯಿತು. ಎಚ್ಚರ! ಕನ್ನಡಿಗೆ ಒಳ್ಳೇದು ಕೆಟ್ಟದ್ದು ಗೊತ್ತಿಲ್ಲ. ಎದುರಿಗೆ ಚಪ್ಪಲಿ ಸ್ಟ್ಯಾಂಡ್ ಇದ್ದರೆ ಅದನ್ನೂ ಎರಡು ಮಾಡಿ ತೋರಿಸುತ್ತದೆ.

ಒಂದು ಸೀರೆ, ಎರಡು ಪರದೆ

ಕಿಟಕಿ ಎಷ್ಟಿದೆಯೋ ಅಷ್ಟೇ ಪರದೆ ಹಾಕುವುದು ರೂಢಿ. ಮಂಡಿಯವರೆಗಿನ ಚಡ್ಡಿ ಹಾಕಿದ ಹಾಗೆ ಅದು ಕೋಣೆಯನ್ನು ಗಿಡ್ಡ ಮಾಡುತ್ತದೆ. ಪರದೆಯ ಸರಳನ್ನು ಮಾಳಿಗೆಗೆ ಅರ್ಧ ಅಡಿ ಕೆಳಗೆ ಹಾಕಿ, ಬಟ್ಟೆ ನೆಲ ಮುಟ್ಟುವಂತೆ ಬಿಟ್ಟರೆ ಗೋಡೆ ಎತ್ತರವಾಗಿ ಕಾಣುತ್ತದೆ. ಕಿಟಕಿಯ ಎರಡೂ ಬದಿಗೆ ಸರಳು ಒಂದೊಂದು ಅಡಿ ಹೆಚ್ಚು ಇರಲಿ, ಆಗ ಸಣ್ಣ ಕಿಟಕಿಯೂ ದೊಡ್ಡದು ಎನಿಸುತ್ತದೆ.

ಇದಕ್ಕೆ ಹೊಸ ಬಟ್ಟೆಯೇ ಬೇಕೆಂದಿಲ್ಲ. ಆರು ವಾರದ ಸೀರೆ ಎಂದರೆ 18 ಅಡಿ. ನಡುವೆ ಕತ್ತರಿಸಿದರೆ 9 ಅಡಿಯ ಎರಡು ಪರದೆ! ಟ್ರಂಕಿನಲ್ಲಿ ಮಡಿಸಿಟ್ಟ ಒಂದೇ ಬಣ್ಣದ ಹತ್ತಿ ಸೀರೆಗೆ ಹಿಂದೆ ಹಳೇ ಧೋತರದ ಅಸ್ತರು ಕೊಟ್ಟು ಹೊಲಿಸಿದರೆ ಟೇಲರ್ ಮಜೂರಿ ಮಾತ್ರ ಖರ್ಚು. ಸವೆದ ಇಳಕಲ್ ಸೀರೆಯ ಸೆರಗಿನಲ್ಲಿ ಕಸೂತಿ ಇದ್ದರೆ ಅದನ್ನು ಯಾವ ಕಾರಣಕ್ಕೂ ಬಿಸಾಡಬಾರದು. ಗೋಪುರ, ತೇರು, ಆನೆ ಇರುವ ಆ ತುಂಡನ್ನು ಕತ್ತರಿಸಿ, ಗಾಜು ಹಾಕಿ ಚೌಕಟ್ಟು ಕಟ್ಟಿಸಿ ಗಾಢ ಬಣ್ಣದ ಗೋಡೆಗೆ ಒಂದನ್ನೇ ತೂಗುಹಾಕಬೇಕು. ಸುತ್ತ ಬೇರೆ ಏನೂ ಬೇಡ.

ಕೂರಲಿಕ್ಕೆ ಏನು?

ಹಿಂದಿನವರ ಪಡಸಾಲೆಯಲ್ಲಿ ಸೋಫಾ ಎಲ್ಲಿತ್ತು? ಜಮಖಾನೆ ಹಾಸಿ, ಗೋಡೆಗೆ ಲೋಡು ಇಟ್ಟರೆ ಹತ್ತು ಜನ ಸರಾಗ ಕೂರುತ್ತಿದ್ದರು. ಎದ್ದು ಹೋದ ಮೇಲೆ ಸುತ್ತಿಟ್ಟರೆ ಕೋಣೆ ಮತ್ತೆ ಖಾಲಿ. ಆ ಜಮಖಾನೆ ನೇಯುವ ಊರು ನವಲಗುಂದ ಇದೇ ಧಾರವಾಡ ಜಿಲ್ಲೆಯಲ್ಲಿದೆ, ಹುಬ್ಬಳ್ಳಿಯಿಂದ ಒಂದು ತಾಸಿನ ಬಸ್ ದಾರಿ. ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುವವರು ಹೆಣ್ಣುಮಕ್ಕಳು. ನವಿಲು, ಪಗಡೆ ಹಾಸಿನ ಚಿತ್ರ ಅವರ ಕೈಗುಣ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ವಿದ್ಯೆಯೂ ಹೋದೀತೆಂದು ಸೊಸೆಗೆ ಕಲಿಸುವ ಪದ್ಧತಿ ಆ ಮನೆತನಗಳಲ್ಲಿತ್ತು. 2011ರಲ್ಲಿ ಈ ಜಮಖಾನೆಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಮನ್ನಣೆ ಸಿಕ್ಕರೂ ನೇಯುವ ಕೈಗಳು ಕಡಿಮೆಯಾಗುತ್ತಲೇ ಬಂದಿವೆ. ಕೈಮಗ್ಗದ್ದು ಅಗ್ಗವಲ್ಲ, ನಿಜ. ಆದರೆ ಸೋಫಾದ ರೆಕ್ಸಿನ್ ಹರಿದು ಫೋಮು ಹೊರಗೆ ಬಂದ ಮೇಲೂ ಅದು ಬಾಳುತ್ತದೆ.

ಮಂಡಿನೋವಿನ ಹಿರಿಯರಿಗೆ ಎರಡು ಕುರ್ಚಿ, ಗೋಡೆಗೊಂದು ದಿವಾನ್ ಬೇಕೇಬೇಕು. ಹಳೇ ಸಾಮಾನಿನ ಅಂಗಡಿಯಲ್ಲಿ ಸಾಗವಾನಿಯ ಬೆಂಚು ಸಿಕ್ಕರೆ ಬಿಡಬಾರದು. ಉಜ್ಜಿ, ಪಾಲಿಶ್ ಮಾಡಿಸಿದರೆ ಹೊಸ ಪ್ಲೈವುಡ್ಡಿಗಿಂತ ಗಟ್ಟಿ. ಒಳಗೆ ತರುವ ಮುಂಚೆ ಸಂದುಗಳಲ್ಲಿ ತಿಗಣೆ ಇದೆಯೇ, ಮರದಿಂದ ಹುಡಿ ಉದುರುತ್ತದೆಯೇ ಎಂದು ಹೊರಗೆ ಬಿಸಿಲಲ್ಲೇ ನೋಡಬೇಕು. ಮೇಲೆ ಗಾದಿ ಹೊಲಿಯುವವರಿಂದ ನಾಲ್ಕು ಅಂಗುಲದ ಗಾದಿ.

ಗಾದಿಯ ಮೇಲೇನು ಹಾಸುವುದು? ಅದಕ್ಕೇ ಅವ್ವ ಹೊಲಿದ ಕೌದಿ ಇದೆ. ಹಳೇ ಸೀರೆಯ ತುಂಡು ಜೋಡಿಸಿ ಹೊಲಿದ ಕೌದಿಯನ್ನು "ಹಳ್ಳಿಯವರದು" ಎಂದು ಅಟ್ಟಕ್ಕೆ ಹಾಕಿದವರೇ ಹೆಚ್ಚು. ಈಗ ಅದನ್ನೇ ದೊಡ್ಡ ಊರಿನ ಅಂಗಡಿಗಳಲ್ಲಿ ಕೈಕೆಲಸವೆಂದು ಒಳ್ಳೇ ಬೆಲೆಗೆ ಮಾರುತ್ತಾರೆ. ಒಗೆದು ದಿವಾನ್ ಮೇಲೆ ಬಿಗಿಯಾಗಿ ಹಾಸಿ, ಎರಡು ದಿಂಬಿಗೆ ಗುಳೇದಗುಡ್ಡದ ಖಣದ ಮುಖ, ಹಿಂಬದಿಗೆ ಸಾದಾ ಬಟ್ಟೆ ಹೊಲಿಸಿದರೆ ಬಂದವರ ಮೊದಲ ಪ್ರಶ್ನೆ, "ಎಲ್ಲಿ ತಂದ್ರಿ ಇದನ್ನ?"

ಬಾಡಿಗೆ ಮನೆಯವರ ಪಾಡು

"ಮೊಳೆ ಹೊಡೀಬ್ಯಾಡ್ರಿ" ಎನ್ನುವ ಮಾಲೀಕರ ಮನೆಯಲ್ಲಿ ಇರುವವರೂ ಸೋಲಬೇಕಿಲ್ಲ. ಕನ್ನಡಿಯನ್ನು ಗೋಡೆಗೆ ಒರಗಿಸಿ, ಕೆಳಗೆ ಜಾರದಂತೆ ಮರದ ತಡೆ ಕೊಡಬಹುದು. ಓಡಾಡುವ ಮಕ್ಕಳಿದ್ದರೆ ಮಾತ್ರ ಇದು ಬೇಡ. ದೀಪಕ್ಕೆ ಮೇಜಿನ ಲ್ಯಾಂಪ್, ಚಿತ್ರಕ್ಕೆ ಕಪಾಟಿನ ತಲೆ. ಬಣ್ಣದ ಖರ್ಚು ಮಾತ್ರ ಮಾಲೀಕರ ಜತೆ ಮೊದಲೇ ಮಾತಾಡಿ, ಬಾಡಿಗೆಯಲ್ಲಿ ಮುರಿದುಕೊಳ್ಳುವುದನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಉಳಿದದ್ದೆಲ್ಲ ಮನೆ ಬದಲಿಸಿದರೆ ಜತೆಗೇ ಬರುವಂಥದ್ದು. ಮೂರನೇ ಮಾಳಿಗೆಗೆ ಸೋಫಾ ಹೊತ್ತ ಹಮಾಲರನ್ನು ಕೇಳಿದರೆ ಇದರ ಬೆಲೆ ತಿಳಿಯುತ್ತದೆ.

ಇಷ್ಟೂ ಕೆಲಸವನ್ನು ಒಂದೇ ವಾರದಲ್ಲಿ ಮುಗಿಸಬೇಕೆಂದಿಲ್ಲ. ಈ ತಿಂಗಳು ಪರದೆ, ಬರುವ ತಿಂಗಳು ಬಣ್ಣ, ದೀಪಾವಳಿಗೆ ಜಮಖಾನೆ. ಕೈಯಲ್ಲಿ ರೊಕ್ಕ ಇದ್ದಷ್ಟೇ ಮುಂದಿನ ಹೆಜ್ಜೆ. ಆ ರೊಕ್ಕವೂ ಊರಲ್ಲೇ ಉಳಿಯುತ್ತದೆ. ಓಣಿಯ ಟೇಲರ್, ಗಾದಿಯವರು, ಬಡಿಗೇರರು, ಪೇಂಟರ್, ನವಲಗುಂದದ ಮಗ್ಗದ ಮುಂದೆ ಕೂತ ತಾಯಿ, ಎಲ್ಲರಿಗೂ ಒಂದಿಷ್ಟು.

ಇನ್ನು ಹೆಣ್ಣು ನೋಡಲು ಬರುವವರ ಮಾತು. ಸೋಫಾ ನೋಡಿ ಒಪ್ಪುವವರು ನಾಳೆ ಕಾರು ಕೇಳಿಯಾರು. ಜಮಖಾನೆಯ ಮೇಲೆ ಕೂತು ಹುಡುಗಿಯನ್ನು ಮಾತಾಡಿಸುವವರು ಬಂದರೆ ಅವರೇ ನೆಟ್ಟಗಿನ ಬೀಗರು. ತಿಂಗಳ ಐದನೇ ತಾರೀಖು ಕಂತಿನವನ ಫೋನು ಬಂದಾಗ ಎದೆ ಝಲ್ ಎನ್ನದ ಮನೆಯೇ ಸಿರಿವಂತರ ಮನೆ. ಅಂಥ ಮನೆಯ ಪಡಸಾಲೆ ಹತ್ತೇ ಅಡಿ ಇದ್ದರೂ ಸಾಕು.